ಮನೆಗೆ ಬೀಗ ಹಾಕಿದ ಮೇಲೆ ಎಚ್ಚರವಿರಬೇಕಾದ ಬ್ಯಾಟರಿ

ಹಬ್ಬಕ್ಕೋ ಮದುವೆಗೋ ನಾಲ್ಕು ದಿನ ಊರಿಗೆ ಹೊರಟಾಗ ನಮ್ಮ ಮನೆಗಳಲ್ಲಿ ಕಡೆಗೆ ಮಾಡುವ ಕೆಲಸ ಮೂರು: ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡುವುದು, ನಲ್ಲಿಗಳನ್ನೆಲ್ಲ ಒಮ್ಮೆ ನೋಡುವುದು, ಮೇನ್ ಸ್ವಿಚ್ ಇಳಿಸುವುದು. ಕಳ್ಳರ ಅಲಾರ್ಮ್ ಹಾಕಿಸಿದ ಮನೆಯಲ್ಲೂ ಇದೇ ಅಭ್ಯಾಸ ಮುಂದುವರಿಯುತ್ತದೆ. ಮೇನ್ ಇಳಿಸಿದ ಕ್ಷಣದಿಂದ ಆ ಇಡೀ ವ್ಯವಸ್ಥೆಯ ಭಾರ ಅಲಾರ್ಮಿನ ಮುಖ್ಯ ಬೋರ್ಡ್ ಇರುವ ಪ್ಯಾನೆಲ್ ಡಬ್ಬಿಯ ತಳದಲ್ಲಿ ಕೂತ ಎರಡು ಕಿಲೋ ಚಿಲ್ಲರೆ ತೂಕದ ಒಂದು ಕಪ್ಪು ಬ್ಯಾಟರಿಯ ಮೇಲೆ ಬೀಳುತ್ತದೆ. ಅದು ಎಷ್ಟು ಹೊತ್ತು ತಡೆದೀತು ಎಂದು ಹೊರಡುವ ಗಡಿಬಿಡಿಯಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ವೈರ್ ಎಳೆದು ಕೂರಿಸುವ ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಇರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ. ಎಎಚ್ ಎಂದರೆ ಆಂಪಿಯರ್-ಅವರ್, ಎಷ್ಟು ಆಂಪನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ. ಒಂದು ಸಾಧಾರಣ ಮನೆಯನ್ನೇ ತೆಗೆದುಕೊಳ್ಳಿ. ಪ್ಯಾನೆಲ್ ಬೋರ್ಡಿಗೆ ಸುಮಾರು 100 ಮಿಲಿಆಂಪ್, ಕೀಪ್ಯಾಡಿಗೆ 80, ತಲಾ 15ರಂತೆ ನಾಲ್ಕು ಮೋಷನ್ ಸೆನ್ಸರ್‌ಗೆ 60, ಫೋನಿಗೆ ಕರೆ ಕಳಿಸುವ ಜಿಎಸ್‌ಎಂ ಘಟಕಕ್ಕೆ ಇನ್ನೊಂದು 60. ಎಲ್ಲ ಸೇರಿ 300 ಮಿಲಿಆಂಪ್. ಹೊಸ ಬ್ಯಾಟರಿಯ ಶೇಕಡಾ 80ರಷ್ಟನ್ನು ಮಾತ್ರ ನಂಬಿದರೆ 5.6 ಎಎಚ್, ಅಂದರೆ ಹದಿನೆಂಟೂವರೆ ಗಂಟೆ. ಬೆಳಿಗ್ಗೆ ಆರಕ್ಕೆ ಮೇನ್ ಇಳಿಸಿ ಹೊರಟರೆ ರಾತ್ರಿ ಹನ್ನೆರಡೂವರೆಗೆ ಅಲಾರ್ಮ್ ಸುಮ್ಮನಾಗುತ್ತದೆ. ಮೂರ್ನಾಲ್ಕು ವರ್ಷ ಸವೆದು ಆ 5.6ರ ಶೇಕಡಾ 40ಕ್ಕೆ ಇಳಿದ ಬ್ಯಾಟರಿಯಾದರೆ ಮಧ್ಯಾಹ್ನ ಒಂದೂವರೆಗೇ ಮುಗಿಯಿತು. ಅಷ್ಟು ಹೊತ್ತಿಗೆ ನೀವು ಇನ್ನೂ ದಾರಿಯಲ್ಲೇ ಇರುತ್ತೀರಿ.

ಆದ್ದರಿಂದ ಬ್ಯಾಟರಿ ಬದಲಿಸುವ ಮಾತಿಗೆ ಮುಂಚೆಯೇ ಒಂದು ಮಾತು. ಊರಿಗೆ ಹೊರಡುವಾಗ ಮೇನ್ ಸ್ವಿಚ್ಚನ್ನು ಮುಟ್ಟಬೇಡಿ. ಒಳಗಿನ ಡಿಬಿ ಬಾಕ್ಸಿನಲ್ಲಿ (ಮನೆಯ ಲೈನುಗಳು ಕವಲೊಡೆಯುವ ಪೆಟ್ಟಿಗೆ) ಗೀಸರ್, ಪಂಪು, ಕೋಣೆಗಳ ಎಂಸಿಬಿಗಳನ್ನು, ಅಂದರೆ ಒಂದೊಂದು ಲೈನಿನ ಸ್ವಿಚ್ಚುಗಳನ್ನು, ಒಂದೊಂದಾಗಿ ಇಳಿಸಿ, ಅಲಾರ್ಮಿನದನ್ನು ಹಾಗೇ ಬಿಡಿ. ಅಲಾರ್ಮಿಗೆ ಪ್ರತ್ಯೇಕ ಎಂಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿಕೊಳ್ಳುವುದು ಹೊಸ ಬ್ಯಾಟರಿಗಿಂತ ದೊಡ್ಡ ಉಪಕಾರ. ಇನ್ವರ್ಟರ್ ಲೈನಿಗೆ ಪ್ಯಾನೆಲ್ ಕೊಟ್ಟಿದ್ದರೆ ಒಳ್ಳೆಯದೇ, ಆದರೆ ಒಳಗಿನ ಬ್ಯಾಟರಿ ಬೇಡ ಎಂದು ಅದರ ಅರ್ಥವಲ್ಲ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಇರುವುದು ಪೋರ್ಟಿಕೋದಲ್ಲಿ ಅಥವಾ ಹಿಂದಿನ ಯುಟಿಲಿಟಿಯಲ್ಲಿ, ಹೊರಗಿನವರ ಕೈಗೆ ಎಟುಕುವ ಕಡೆ. ಮೀಟರ್ ಬೋರ್ಡ್ ಅಂತೂ ಹೊರಗೋಡೆಯ ಮೇಲೇ ಇರುತ್ತದೆ. ಬೀಗ ಹಾಕಿದ ಮನೆಯೊಳಗೆ, ಮುಚ್ಚಳ ತೆರೆದರೆ ಕೂಗುವ ಡಬ್ಬಿಯಲ್ಲಿ ಕೂತದ್ದು ಆ 7 ಎಎಚ್ ಒಂದೇ.

ಹಾಗಾದರೆ ಅದು ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕೀಪ್ಯಾಡಿನ ಹಸಿರು ದೀಪವನ್ನು ಕೇಳಬೇಡಿ. ಆ ದೀಪ ಉರಿಯುವುದು ಕರೆಂಟಿನಿಂದ. ಮಲ್ಟಿಮೀಟರ್ ಇಟ್ಟು ಬ್ಯಾಟರಿಯ ವೋಲ್ಟೇಜ್ ನೋಡಿದರೂ ಪೂರ್ತಿ ಸತ್ಯ ಸಿಗುವುದಿಲ್ಲ. ಚಾರ್ಜರ್ ಜೋಡಿಸಿದ್ದಾಗ ಮೀಟರಿನಲ್ಲಿ ಕಾಣುವುದು ಚಾರ್ಜರಿನ 13.6 ಅಥವಾ 13.7 ವೋಲ್ಟ್, ಬ್ಯಾಟರಿಯದ್ದಲ್ಲ. ಬಿಚ್ಚಿ ಎರಡು ಗಂಟೆ ಬಿಟ್ಟು ನೋಡಿದರೂ ಮುದಿ ಬ್ಯಾಟರಿ 12.7 ತೋರಿಸಬಲ್ಲದು. ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಗಾಜಿನೆಳೆಯ ಹಾಳೆಯಲ್ಲಿ ಹಿಡಿದಿಟ್ಟ ಆಮ್ಲದ ನೀರು ಆರಿ, ಒಳರೋಧ ಏರಿರುತ್ತದೆ. ಭಾರ ಹೊರಿಸುವವರೆಗೂ ಅದು ಗೊತ್ತಾಗುವುದಿಲ್ಲ.

ಭಾರ ಹೊರಿಸಲು ಅಗ್ಗದ ಸಾಧನ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್, 21 ವಾಟ್ ಬಲ್ಬು. ಕಾರಿನ ಬ್ರೇಕ್ ಲೈಟಿನದು. ಅದು ಎಳೆಯುವುದು ಸುಮಾರು 1.75 ಆಂಪ್, ಅಂದರೆ 7 ಎಎಚ್‌ನ ಕಾಲು ಭಾಗ. ಹೋಲ್ಡರಿನಿಂದ ಎರಡು ವೈರ್ ತೆಗೆದು ಬ್ಯಾಟರಿಗೆ ಜೋಡಿಸಿ, ಮೀಟರನ್ನೂ ಟರ್ಮಿನಲ್ ಮೇಲೇ ಇಟ್ಟುಕೊಂಡು ನೋಡುತ್ತ ಕೂರಿ. ಗಟ್ಟಿ ಬ್ಯಾಟರಿಯಲ್ಲಿ ವೋಲ್ಟೇಜ್ 12.4ರ ಆಸುಪಾಸಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಇಪ್ಪತ್ತು ನಿಮಿಷ ಕಳೆದರೂ 12ರ ಮೇಲೇ ಇರುತ್ತದೆ, ಬಲ್ಬಿನ ಬೆಳಕು ಬಿಳಿಯಾಗಿಯೇ ಉಳಿಯುತ್ತದೆ. ಹೋದ ಬ್ಯಾಟರಿಯಲ್ಲಿ ಅಂಕಿಗಳು ಕಣ್ಣೆದುರೇ ಜಾರುತ್ತವೆ: 11.6, 11.1, 10.4. ಬಲ್ಬು ಹಳದಿಗೆ, ಆಮೇಲೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಕೆಲವೊಮ್ಮೆ ಒಂದು ನಿಮಿಷವೂ ಬೇಕಾಗುವುದಿಲ್ಲ. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ 10.5 ವೋಲ್ಟಿಗೆ ಇಳಿಯುವವರೆಗೆ ಗಡಿಯಾರ ನೋಡಿ. ಹೊಸದು ಮೂರು ಗಂಟೆಯ ಹತ್ತಿರ ಹತ್ತಿರ ಬರುತ್ತದೆ. ಒಂದೂವರೆ ಗಂಟೆಯೂ ನಿಲ್ಲದಿದ್ದರೆ ಬದಲಿಸಿ. 10.5ಕ್ಕಿಂತ ಕೆಳಗೆ ಮಾತ್ರ ಎಳೆಯಬೇಡಿ, ಪರೀಕ್ಷೆಯೇ ಅದನ್ನು ಕೊಲ್ಲುತ್ತದೆ. ಮುಗಿದ ತಕ್ಷಣ ಪ್ಯಾನೆಲ್‌ಗೆ ಜೋಡಿಸಿ ಚಾರ್ಜಿಗೆ ಬಿಡಿ; ಅರ್ಧ ಖಾಲಿ ಬ್ಯಾಟರಿಯನ್ನು ಹಾಗೇ ಇಟ್ಟರೆ ಸಲ್ಫೇಟ್ ಕಟ್ಟತೊಡಗುತ್ತದೆ.

ಬಿಚ್ಚುವ ತೊಂದರೆ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಅಲಾರ್ಮಿನ ಎಂಸಿಬಿ ಇಳಿಸಿ, ಒಂದು ಗಂಟೆ ಬ್ಯಾಟರಿಯ ಮೇಲೇ ಓಡಿಸಿ, ಅಕ್ಕಪಕ್ಕದವರಿಗೆ ಹೇಳಿ ಹೂಟರನ್ನು ಒಂದು ನಿಮಿಷ ಕೂಗಿಸುವುದು. ಹೂಟರ್ ಸುಮಾರು ಒಂದು ಆಂಪ್ ಎಳೆಯುತ್ತದೆ. ಆಗಲೂ 11.5 ವೋಲ್ಟ್ ಉಳಿದರೆ ಬ್ಯಾಟರಿಗೆ ಇನ್ನೂ ಜೀವ ಇದೆ. ವರ್ಷಕ್ಕೆರಡು ಸಲವಾದರೂ ಇದನ್ನು ಮಾಡಬೇಕು. ಊರಿಗೆ ಹೊರಡುವ ದಿನ ಅಲ್ಲ, ಹೊಸ ಬ್ಯಾಟರಿ ತರಲು ಸಮಯವಿರುವಂತೆ ಒಂದು ವಾರ ಮುಂಚೆ.

ಬ್ಯಾಟರಿಯ ಆಯಸ್ಸನ್ನು ತಿನ್ನುವುದರಲ್ಲಿ ಸೆಕೆಗೆ ಮೊದಲ ಸ್ಥಾನ. ಡಬ್ಬದ ಮೇಲೆ ಬರೆಯುವ ಮೂರರಿಂದ ಐದು ವರ್ಷ ಎನ್ನುವುದು 20ರಿಂದ 25 ಡಿಗ್ರಿಯ ಮಾತು. ಅದರ ಮೇಲೆ ಪ್ರತಿ ಎಂಟು ಹತ್ತು ಡಿಗ್ರಿಗೆ ಆಯಸ್ಸು ಅರ್ಧಕ್ಕಿಳಿಯುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಮೂರು ವರ್ಷ ಬಂದದ್ದು ಕಲಬುರಗಿ, ರಾಯಚೂರಿನಲ್ಲಿ ಎರಡಕ್ಕೇ ಮುಗಿದರೆ ಕಂಪನಿಯನ್ನು ಬೈದು ಫಲವಿಲ್ಲ. ಆರ್‌ಸಿಸಿ ತಾರಸಿಯ ಕೆಳಗಿನ ಅಟ್ಟ, ಪಶ್ಚಿಮದ ಬಿಸಿಲು ಬೀಳುವ ಗೋಡೆ, ಗಾಳಿಯಾಡದ ವಾರ್ಡ್‌ರೋಬಿನ ಮೇಲ್ಭಾಗ, ಇವೆಲ್ಲ ಬ್ಯಾಟರಿಗೆ ಒಲೆಯ ಪಕ್ಕದ ಜಾಗಗಳೇ. ಸೆಕೆಯಲ್ಲಿ ಚಾರ್ಜಿನ ವೋಲ್ಟೇಜನ್ನೂ ಇಳಿಸಬೇಕು: 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು 18 ಮಿಲಿವೋಲ್ಟ್. 40 ಡಿಗ್ರಿಯಲ್ಲಿ ಅದು ಕಾಲು ವೋಲ್ಟಿಗೂ ಮೀರುತ್ತದೆ. ಮನೆಯ ಅಲಾರ್ಮುಗಳಲ್ಲಿ ಹೆಚ್ಚಿನವು ಇದನ್ನು ಮಾಡುವುದಿಲ್ಲ. ಚಳಿಗಾಲಕ್ಕೂ ಬೇಸಿಗೆಗೂ ಒಂದೇ 13.7. ಕರಾವಳಿಯಲ್ಲಿ ಸೆಕೆಯ ಜೊತೆ ಉಪ್ಪುಗಾಳಿಯೂ ಸೇರಿ ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅಲ್ಲಿ ಆರು ತಿಂಗಳಿಗೊಮ್ಮೆ ಮುಚ್ಚಳ ತೆರೆದು ನೋಡುವುದು ಅತಿ ಎನಿಸಬಾರದು.

ಹೊಟ್ಟೆ ಉಬ್ಬಿದ ಬ್ಯಾಟರಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಅದರಲ್ಲಿ ಅಪಾಯವಿದೆ. 12 ವೋಲ್ಟ್ ಬ್ಯಾಟರಿ ಎಂದರೆ ಸಾಲಾಗಿ ಆರು ಸೆಲ್. 13.7 ವೋಲ್ಟನ್ನು ಆರಕ್ಕೆ ಹಂಚಿದರೆ ತಲಾ 2.28, ಆರಾಮದ ಮಟ್ಟ. ಒಂದು ಸೆಲ್ ಒಳಗೇ ಶಾರ್ಟ್ ಆಯಿತೆಂದುಕೊಳ್ಳಿ. ಚಾರ್ಜರಿಗೆ ಅದು ತಿಳಿಯುವುದಿಲ್ಲ, ಅದೇ 13.7 ಕೊಡುತ್ತ ಹೋಗುತ್ತದೆ. ಈಗ ಅದನ್ನು ಹಂಚಿಕೊಳ್ಳುವವು ಐದೇ ಸೆಲ್, ತಲಾ 2.74. ಆ ಮಟ್ಟದಲ್ಲಿ ನೀರು ಒಡೆದು ಹೈಡ್ರೋಜನ್ ಏಳುತ್ತದೆ, ಬ್ಯಾಟರಿ ಕಾಯುತ್ತದೆ, ಕಾದಂತೆ ಇನ್ನಷ್ಟು ಕರೆಂಟ್ ಎಳೆಯುತ್ತದೆ, ಪ್ಲಾಸ್ಟಿಕ್ ಮೆತ್ತಗಾಗಿ ಪಕ್ಕೆಗಳು ಉಬ್ಬುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ವಿಷಯ ಇಷ್ಟು ದೂರ ಬಂದಿದೆ ಎಂದೇ ತಿಳಿಯಿರಿ. ಮೊದಲು ಎಂಸಿಬಿ ಇಳಿಸಿ, ಕಿಟಕಿ ತೆರೆದು, ಬ್ಯಾಟರಿ ತಣ್ಣಗಾಗಲು ಬಿಡಿ. ಉಬ್ಬಿದ್ದು ಡಬ್ಬಿಯಲ್ಲಿ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಪ್ಲಾಸ್ಟಿಕ್ ಸೀಳಿದರೆ ಆಮ್ಲ ಹೊರಬರುತ್ತದೆ. ಬೋರ್ಡಿನ ವೈರುಗಳನ್ನು ಬದಿಗೆ ಸರಿಸಿ, ಬೇಕಾದರೆ ಡಬ್ಬಿಯನ್ನೇ ಗೋಡೆಯಿಂದ ಸಡಿಲಿಸಿ, ನಿಧಾನವಾಗಿ ಹೊರಗೆ ಜಾರಿಸಿ. ಇರುವೆ ಬಾರದಿರಲಿ ಎಂದು ಬ್ಯಾಟರಿಗೆ ಪ್ಲಾಸ್ಟಿಕ್ ಕವರ್ ಸುತ್ತಿಡುವುದನ್ನೂ ಡಬ್ಬಿಯ ಗಾಳಿಕಿಂಡಿಗೆ ಟೇಪ್ ಅಂಟಿಸುವುದನ್ನೂ ದಯವಿಟ್ಟು ಬಿಡಿ. ಆ ಅನಿಲಕ್ಕೆ ಹೊರಹೋಗುವ ದಾರಿ ಬೇಕೇ ಬೇಕು.

ಅಂಗಡಿಯಲ್ಲಿ ‘ಅಲಾರ್ಮ್ ಬ್ಯಾಟರಿ’ ಎಂದು ಕೇಳುವುದಕ್ಕಿಂತ ‘ಯುಪಿಎಸ್‌ನ ಸೆವೆನ್ ಎಎಚ್ ಬ್ಯಾಟರಿ’ ಎಂದರೆ ತಕ್ಷಣ ತಿಳಿಯುತ್ತದೆ; ಕಂಪ್ಯೂಟರ್ ಯುಪಿಎಸ್ಸಿಗೆ ಹಾಕುವ ಅದೇ ಸೀಲಾದ ಬ್ಯಾಟರಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಾದರೂ ಜಿಲ್ಲಾ ಕೇಂದ್ರದ ಇನ್ವರ್ಟರ್ ಅಂಗಡಿಯಲ್ಲಾದರೂ ಸಿಗುತ್ತದೆ. ಉದ್ದ 151 ಮಿಲಿಮೀಟರ್, ಅಗಲ 65, ಎತ್ತರ ಟರ್ಮಿನಲ್ ಸೇರಿ ಸುಮಾರು 100. ಈ ಅಳತೆ ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ತಯಾರಾದ ತಿಂಗಳು. ಕಪಾಟಿನಲ್ಲಿ ಸುಮ್ಮನೆ ಕೂತರೂ ತಿಂಗಳಿಗೆ ಶೇಕಡಾ ಮೂರರಷ್ಟು ಚಾರ್ಜ್ ಸೋರುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಆರು ತಿಂಗಳು ದಾಟಿದ್ದು, ನಡುವೆ ಒಮ್ಮೆಯೂ ಚಾರ್ಜ್ ಕಾಣದ್ದು ಬೇಡ. ಇನ್ನೊಂದು, ವೋಲ್ಟೇಜ್. ಮೀಟರ್ ಜೊತೆಗೇ ಒಯ್ಯಿರಿ ಅಥವಾ ಅಂಗಡಿಯವರನ್ನೇ ಕೇಳಿ, 12.6ಕ್ಕಿಂತ ಕಡಿಮೆ ತೋರಿಸಿದರೆ ಬೇರೆ ಕೊಡಿ ಎನ್ನಿ.

ಟರ್ಮಿನಲ್ ಅಗಲವನ್ನು ನೋಡದೆ ಬಂದು ಮತ್ತೆ ಅಂಗಡಿಗೆ ಓಡುವವರು ಬಹಳ. ಇದರಲ್ಲಿ ಎರಡು ಬಗೆ: ಎಫ್1 ಎಂದರೆ 4.75 ಮಿಲಿಮೀಟರ್, ಎಫ್2 ಎಂದರೆ 6.35. ಅಲಾರ್ಮ್ ಪ್ಯಾನೆಲ್ಲಿನ ವೈರಿನ ತುದಿಯಲ್ಲಿ ಸಾಮಾನ್ಯವಾಗಿ ಸಣ್ಣ ಲಗ್ (ಟರ್ಮಿನಲ್ಲಿಗೆ ಸಿಕ್ಕಿಸುವ ಲೋಹದ ತುದಿ) ಇರುತ್ತದೆ, ಅಂಗಡಿಯವರು ಅಗಲದ್ದನ್ನು ಕೊಟ್ಟಿರುತ್ತಾರೆ. ಲಗ್ಗಿನ ಬಾಯನ್ನು ಪ್ಲೇಯರಿನಲ್ಲಿ ಅಗಲಿಸಿ ತುರುಕಬೇಡಿ. ಹಾಗೆ ಹಿಗ್ಗಿಸಿದ ಲಗ್ ಒಂದಂಚಿನಲ್ಲಷ್ಟೇ ಕಚ್ಚಿಕೊಂಡಿರುತ್ತದೆ. ಸುಮ್ಮನಿರುವಾಗ ಚೆನ್ನಾಗಿಯೇ ಇದ್ದು, ಹೂಟರ್ ಕೂಗಿ ಒಂದು ಆಂಪಿಗೂ ಮೀರಿ ಹರಿದಾಗ ಅಲ್ಲೇ ವೋಲ್ಟೇಜ್ ಬಿದ್ದುಹೋಗುತ್ತದೆ. ಸರಿಯಾದ ಅಳತೆಯ ಹೊಸ ಲಗ್ಗನ್ನು ಕ್ರಿಂಪ್ ಮಾಡಿಸಿ, ಇಲ್ಲವೇ ಅಡಾಪ್ಟರ್ ಹಾಕಿ. ಕೈಯಿಂದ ಎಳೆದರೆ ಸುಲಭಕ್ಕೆ ಬರಬಾರದು; ಅದೇ ಬಿಗಿತದ ಅಳತೆ.

ಇನ್ನು ಬದಲಿಸುವುದು. ಅಲಾರ್ಮನ್ನು ದೂರದಿಂದ ಕಾಯುವ ಮಾನಿಟರಿಂಗ್ ಸೇವೆ ಇದ್ದರೆ ಮೊದಲು ಅವರಿಗೆ ಫೋನ್ ಮಾಡಿ, ಪರೀಕ್ಷೆಯ ಸ್ಥಿತಿಗೆ ಹಾಕಿಸಿ. ಮನೆಯಲ್ಲಿ ಮಲಗಿರುವ ಹಿರಿಯರು, ಮಕ್ಕಳಿದ್ದರೆ ಅವರಿಗೂ ಹೇಳಿ. ಡಬ್ಬಿಯ ಮುಚ್ಚಳ ತೆರೆದೊಡನೆ ಟ್ಯಾಂಪರ್ ಸ್ವಿಚ್ (ಮುಚ್ಚಳ ತೆರೆದದ್ದನ್ನು ಹಿಡಿಯುವ ಗುಂಡಿ) ಬಿಟ್ಟು ಹೂಟರ್ ಕೂಗಬಹುದು, ಅಲಾರ್ಮ್ ಆಫ್ ಆಗಿದ್ದರೂ ಸಹ. ಮಾಸ್ಟರ್ ಕೋಡ್ ಒತ್ತಿ ನಿಲ್ಲಿಸಿ. ತನ್ನದೇ ಬ್ಯಾಟರಿ ಇರುವ ಹೊರಗಿನ ಹೂಟರ್ ಆಗಿದ್ದರೆ ಪ್ಯಾನೆಲ್ಲಿನ ಎರಡೂ ವಿದ್ಯುತ್ ಹೋದಾಗ ಅದು ತಾನಾಗಿಯೇ ಕೂಗುತ್ತದೆ. ಅಂಥ ವ್ಯವಸ್ಥೆಯಲ್ಲಿ ಮೊದಲೇ ಪ್ಯಾನೆಲನ್ನು ಸರ್ವಿಸ್ ಮೋಡಿಗೆ ಹಾಕಿಕೊಳ್ಳಬೇಕು.

ಕರೆಂಟ್ ಇಟ್ಟುಕೊಂಡೇ ಬ್ಯಾಟರಿ ಬದಲಿಸಬಹುದು ಎನ್ನುವ ತಂತ್ರಜ್ಞರಿದ್ದಾರೆ. ಅವರ ಕೈಗೆ ಅಭ್ಯಾಸವಿದೆ. ಮನೆಯವರು ಮಾಡುವುದಾದರೆ ಎಂಸಿಬಿ ಇಳಿಸಿಯೇ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಡಬ್ಬಿಯ ಒಳಗೇ ಟ್ರಾನ್ಸ್‌ಫಾರ್ಮರ್ ಇದ್ದರೆ 230 ವೋಲ್ಟಿನ ಸ್ಕ್ರೂಗಳು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರುತ್ತವೆ. ಎಂಸಿಬಿ ಇಳಿಸಿದ ಮೇಲೂ ಟೆಸ್ಟರ್ ಇಟ್ಟು ನೋಡಿ, ಅದಕ್ಕೂ ಮುಂಚೆ ಆ ಟೆಸ್ಟರ್ ಉರಿಯುತ್ತದೆಯೇ ಎಂದು ಕರೆಂಟಿರುವ ಪ್ಲಗ್ಗಿನಲ್ಲಿ ನೋಡಿಕೊಳ್ಳಿ. ಸೆಟ್ಟಿಂಗುಗಳು ಅಳಿಸಿಹೋಗುತ್ತವೆ ಎಂಬ ಭಯ ಬೇಡ. ಈಗಿನ ಪ್ಯಾನೆಲ್ಲುಗಳು ಅವನ್ನು ಕರೆಂಟ್ ಬೇಡದ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ. ತಾರೀಖು, ಗಡಿಯಾರ ಮಾತ್ರ ಹಲವು ಪ್ಯಾನೆಲ್ಲುಗಳಲ್ಲಿ ಅಳಿಸುತ್ತದೆ.

ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಉಂಗುರ, ಬಳೆ, ಲೋಹದ ಗಡಿಯಾರ ಬಿಚ್ಚಿಡಿ. ಇಷ್ಟು ಸಣ್ಣ ಬ್ಯಾಟರಿಯೂ ಶಾರ್ಟ್ ಆದಾಗ ನೂರು ಆಂಪಿಗೂ ಮೀರಿ ಕೊಡಬಲ್ಲದು, ಉಂಗುರ ಕಾಯಲು ಒಂದು ಕ್ಷಣ ಸಾಕು. ಮೊದಲು ಕಪ್ಪು ವೈರ್ ತೆಗೆದು ಅದರ ಲಗ್ಗಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಆಮೇಲೆ ಕೆಂಪು, ಅದಕ್ಕೂ ಟೇಪ್. ವೈರನ್ನು ಹಿಡಿದು ಜಗ್ಗಬೇಡಿ, ಲಗ್ಗನ್ನೇ ನೋಸ್ ಪ್ಲೇಯರಿನಲ್ಲಿ ಹಿಡಿದು ನೇರಕ್ಕೆ ಎಳೆಯಿರಿ. ಹೊಸದನ್ನು ಕೂರಿಸಿ: ನೆಟ್ಟಗೆ, ಇಲ್ಲವೇ ಪಕ್ಕಕ್ಕೆ, ತಲೆಕೆಳಗಾಗಿ ಎಂದಿಗೂ ಬೇಡ. ಈಗ ಒಂದು ಕ್ಷಣ ನಿಂತು ಟರ್ಮಿನಲ್ ಪಕ್ಕದ ಅಧಿಕ ಮತ್ತು ಋಣ ಗುರುತನ್ನು ಬೆಳಕು ಹಿಡಿದು ಓದಿ. ಹಳೆಯದರಲ್ಲಿ ಕೆಂಪು ಎಡಕ್ಕಿತ್ತು ಎಂದು ಇದರಲ್ಲೂ ಎಡಕ್ಕೇ ಇರಬೇಕಿಲ್ಲ; ಬ್ಯಾಟರಿಯನ್ನು ತಿರುಗಿಸಿ ಕೂರಿಸಿದ್ದರಂತೂ ಅಡ್ಡಾದಿಡ್ಡಿಯಾಗಿಯೇ ಇರುತ್ತದೆ. ಕೆಂಪು ಮೊದಲು, ಕಪ್ಪು ಆಮೇಲೆ. ಸಣ್ಣ ಕಿಡಿ ಹಾರಿದರೆ ಹೆದರಬೇಡಿ. ತಿರುವುಮುರುವಾದರೆ ಅದೃಷ್ಟವಿದ್ದಲ್ಲಿ ಗಾಜಿನ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಬೋರ್ಡು. ಫ್ಯೂಸ್ ಹೋದರೆ ಅದರ ಮೇಲೆ ಬರೆದಷ್ಟೇ ಆಂಪಿನದನ್ನು ಹಾಕಿ. ತಾಮ್ರದ ಎಳೆ ಸುತ್ತಿ ಕೂರಿಸಿದರೆ ಮುಂದಿನ ಸಲ ಸುಡುವುದು ಬೋರ್ಡೇ.

ಬ್ಯಾಟರಿ ಜೋಡಿಸಿದರೂ ಪ್ಯಾನೆಲ್ ಮಿಸುಕದಿದ್ದರೆ ಗಾಬರಿ ಬೇಡ. ಕೆಲವು ಪ್ಯಾನೆಲ್ಲುಗಳು ಬರೀ ಬ್ಯಾಟರಿಯಿಂದ ಶುರುವಾಗುವುದಿಲ್ಲ, ಡಿಎಸ್‌ಸಿ ಕಂಪನಿಯ ಪವರ್‌ಸೀರೀಸ್ ಅಂಥದ್ದು. ಎಂಸಿಬಿ ಏರಿಸಿದರೆ ಎದ್ದುಕೊಳ್ಳುತ್ತದೆ. ಗಡಿಯಾರ ಸರಿಮಾಡಿ. ‘ಲೋ ಬ್ಯಾಟರಿ’ ಸೂಚನೆ ಕೂಡಲೇ ಹೋಗದಿರಬಹುದು: ಪ್ಯಾನೆಲ್ ತನ್ನದೇ ಗಡುವಿನಲ್ಲಿ ಬ್ಯಾಟರಿಯನ್ನು ಪರೀಕ್ಷಿಸುತ್ತದೆ, ಹೊಸದೂ ಪೂರ್ತಿ ತುಂಬಿರುವುದಿಲ್ಲ. ಒಂದು ದಿನ ಕೊಡಿ.

ಆ ಒಂದು ದಿನ ಕಳೆದ ಮೇಲೆ ಮೀಟರ್ ಇಡುವುದನ್ನು ತಪ್ಪಿಸಬಾರದು. ಬ್ಯಾಟರಿ ಜೋಡಿಸಿದ ಹಾಗೇ, ಕರೆಂಟ್ ಇರುವಾಗ, ಟರ್ಮಿನಲ್ ಮೇಲೆ 13.5ರಿಂದ 13.8 ಕಾಣಬೇಕು. ಬ್ಯಾಟರಿ ಬಿಚ್ಚಿ ಬರೀ ವೈರಿನ ಮೇಲೆ ಅಳೆದರೆ ಕೆಲವು ಪ್ಯಾನೆಲ್ಲುಗಳು ಏನೂ ತೋರಿಸುವುದಿಲ್ಲ, ಅದನ್ನು ದೋಷವೆಂದು ತಿಳಿಯಬೇಡಿ. 12.6ರಲ್ಲೇ ನಿಂತಿದ್ದರೆ ಚಾರ್ಜ್ ಹೋಗುತ್ತಿಲ್ಲ. ಫ್ಯೂಸ್, ಲಗ್, ಟ್ರಾನ್ಸ್‌ಫಾರ್ಮರ್ ನೋಡಿ. 14.4 ದಾಟಿದ್ದರೆ ಚಾರ್ಜರ್ ಕೆಟ್ಟಿದೆ, ಹೊಸ ಬ್ಯಾಟರಿಯನ್ನೂ ಅದು ಬೇಯಿಸುತ್ತದೆ. ವರ್ಷಕ್ಕೊಂದು ಬ್ಯಾಟರಿ ಹೋಗುವ ಮನೆಗಳಲ್ಲಿ ಬಹುಪಾಲು ತಪ್ಪು ಇಲ್ಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಪ್ರತಿ ಸಲ ಬ್ಯಾಟರಿಯನ್ನಷ್ಟೇ ಬದಲಿಸುತ್ತ ಹೋಗಬೇಡಿ.

ಹೆಚ್ಚು ಹೊತ್ತು ನಿಲ್ಲಲಿ ಎಂದು 26 ಎಎಚ್‌ನದನ್ನೋ ಹಳೆಯ ಕಾರಿನ ಬ್ಯಾಟರಿಯನ್ನೋ ಜೋಡಿಸುವ ಆಸೆ ಸಹಜ. ಪ್ಯಾನೆಲ್ಲಿನ ಚಾರ್ಜರ್ ಕೊಡುವುದು ಅರ್ಧ ಆಂಪಿನ ಆಸುಪಾಸು. ಖಾಲಿಯಾದ 7 ಎಎಚ್ ತುಂಬಲು ಅದಕ್ಕೆ ಒಂದು ದಿನ ಬೇಕು. 26 ಎಎಚ್ ಮೂರು ದಿನವಾದರೂ ತುಂಬುವುದಿಲ್ಲ, ಅಷ್ಟರಲ್ಲಿ ಮತ್ತೆ ಕರೆಂಟ್ ಹೋಗಿರುತ್ತದೆ. ಕಾರಿನ ಬ್ಯಾಟರಿಯ ಅನಿಲ ಮನೆಯೊಳಗೆ ಬೇಡವೇ ಬೇಡ. ಪ್ಯಾನೆಲ್ಲಿನ ಕೈಪಿಡಿ ಒಪ್ಪಿದ ಗಾತ್ರದೊಳಗೇ ಇರಿ. ಈಚೆಗೆ ಸಿಗುವ ಅದೇ ಅಳತೆಯ ಲಿಥಿಯಂ ಬ್ಯಾಟರಿಗಳನ್ನೂ ಸದ್ಯಕ್ಕೆ ಬೇಡವೆನ್ನುತ್ತೇನೆ. ಸೀಸದ ಬ್ಯಾಟರಿ ಮೆಲ್ಲಗೆ ಇಳಿಯುತ್ತದೆ, 11.5ರ ಹತ್ತಿರ ಬಂದಾಗ ಪ್ಯಾನೆಲ್ ಎಚ್ಚರಿಸುತ್ತದೆ. ಲಿಥಿಯಂ ಕೊನೆಯವರೆಗೆ 13ರ ಸುತ್ತ ನಿಂತು, ಒಳಗಿನ ರಕ್ಷಣಾ ಸರ್ಕ್ಯೂಟ್ ಕಡಿದಾಗ ಒಮ್ಮೆಲೇ ಸೊನ್ನೆಯಾಗುತ್ತದೆ. ಎಚ್ಚರಿಕೆಯ ಸಂದೇಶ ಕಳಿಸಲೂ ಪ್ಯಾನೆಲ್ಲಿಗೆ ಸಮಯ ಸಿಗುವುದಿಲ್ಲ.

ವೈರ್‌ಲೆಸ್ ಅಲಾರ್ಮುಗಳ ಕಥೆ ಬೇರೆ. ಅವುಗಳ ಮುಖ್ಯ ಘಟಕದಲ್ಲಿ ಕಂಪನಿಯದೇ ಲಿಥಿಯಂ ಅಥವಾ ನಿಕಲ್ ಪ್ಯಾಕ್ ಇರುತ್ತದೆ, ಅದೇ ನಂಬರಿನದನ್ನೇ ತರಿಸಬೇಕು. ಸೆನ್ಸರುಗಳ ಸಿಆರ್123ಎ ಸೆಲ್ಲುಗಳನ್ನು ಒಂದು ಕೋಣೆಯದು ಮುಗಿದಾಗ ಎಲ್ಲ ಕೋಣೆಯದನ್ನೂ ಒಟ್ಟಿಗೇ ಬದಲಿಸುವುದು ಜಾಣತನ. ಬ್ರಿಟನ್, ಯುರೋಪಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿನ ಇಎನ್ 50131 ಮಾನದಂಡದ ಗ್ರೇಡ್ 2 ಮನೆ ಅಲಾರ್ಮಿಗೆ ಕರೆಂಟಿಲ್ಲದೆ 12 ಗಂಟೆ ನಿಲ್ಲುವ ಶಕ್ತಿ ಬೇಕು. ವಿಮೆಯ ಷರತ್ತಿನಲ್ಲಿ ಅಲಾರ್ಮಿನ ನಿರ್ವಹಣೆಯನ್ನು ಬರೆದಿದ್ದರೆ ಬ್ಯಾಟರಿಯನ್ನು ನೀವೇ ಬದಲಿಸುವ ಮುನ್ನ ಅದನ್ನು ಓದಿಕೊಳ್ಳಿ.

ಹೊಸ ಬ್ಯಾಟರಿಯ ಮೈಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಹಾಕಿದ ತಿಂಗಳು, ವರ್ಷ ಬರೆಯಿರಿ. ಮುಚ್ಚಳದ ಒಳಬದಿಗೂ ಒಂದು ಚೀಟಿ ಅಂಟಿಸಿ, ಬಲ್ಬಿನ ಪರೀಕ್ಷೆಯ ಅಂಕಿಗಳನ್ನು ಪ್ರತಿ ಸಲ ಅದರಲ್ಲಿ ಗುರುತು ಹಾಕಿಕೊಳ್ಳಿ. ಮುಚ್ಚಳ ಸರಿಯಾಗಿ ಕೂತು ಟ್ಯಾಂಪರ್ ಸ್ವಿಚ್ ಒತ್ತಿದೆಯೇ ನೋಡಿ. ಮಾನಿಟರಿಂಗ್‌ನವರನ್ನು ಪರೀಕ್ಷೆಯ ಸ್ಥಿತಿಯಿಂದ ಹೊರಬರಲು ಹೇಳುವುದನ್ನು ಮರೆಯಬೇಡಿ.

ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಬೀದಿಯ ಗುಜರಿಗೂ ಕೊಡಬೇಡಿ. ಅದರಲ್ಲಿರುವುದು ಬಹುಪಾಲು ಸೀಸ. ಒಡೆದು ಕರಗಿಸುವ ಹಿತ್ತಲಲ್ಲಿ ಆಡುವ ಮಕ್ಕಳ ರಕ್ತಕ್ಕೆ ಅದು ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊಸದನ್ನು ಕೊಂಡ ಅಂಗಡಿಯಲ್ಲೇ ಕೇಳಿ; ಹಳೆಯದನ್ನು ತೆಗೆದುಕೊಂಡು ಬೆಲೆಯಲ್ಲಿ ಒಂದಿಷ್ಟು ಬಿಡುವುದು ವಾಡಿಕೆ. ಒಯ್ಯುವಾಗ ಎರಡೂ ಟರ್ಮಿನಲ್ಲಿಗೆ ಟೇಪ್ ಸುತ್ತಿ, ಬಿರುಕು ಬಿಟ್ಟಿದ್ದರೆ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಸ್ಕೂಟರಿನ ಡಿಕ್ಕಿಯಲ್ಲಿ ಸ್ಪ್ಯಾನರುಗಳ ಜೊತೆ ಉರುಳಾಡದಂತೆ ನೆಟ್ಟಗೆ ನಿಲ್ಲಿಸಿ.